ಹಳೆಯ ಭೂಪಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಹಿತ್ತಾಳೆಯ ದೀಪ, ಗಂಜೀಫಾ ಎಲೆ, ಮೈಸೂರು ಶೈಲಿಯ ದೇವರ ಪಟ, ತಾತನ ಕಾಲದ ಗೋಡೆ ಗಡಿಯಾರ ಮುಂತಾದವನ್ನು ಕುರಿತಿರುತ್ತವೆ. 17ನೆಯ ಶತಮಾನದ ಅಲಂಕೃತ ಪ್ರಪಂಚ ಭೂಪಟದ ಬಗ್ಗೆ ಮೈಸೂರಿನ ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ಸ್ಥಳಾಭಾವದಿಂದ ಕಳೆದ ಸಂಚಿಕೆಯಲ್ಲಿ ಉತ್ತರಿಸಲಾಗದೆ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುವುದಾಗಿ ಸೂಚನೆ ಕೊಟ್ಟಿದ್ದೆವು. ಆ ಸೂಚನೆಯನ್ನು ಕಂಡು ಮೈಸೂರು, ಮಂಡ್ಯ ಜಿಲ್ಲೆಗಳಿಂದ ಇದೇ ವಿಷಯದ ಮೇಲೆ ಇನ್ನೂ ಕೆಲವರು ಬರೆದಿದ್ದಾರೆ. ಎಲ್ಲರಿಗೂ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಾವನವರು 1960ರ ದಶಕದಲ್ಲಿ ಬೆಂಗಳೂರಿನಿಂದ ತಂದು ಕಟ್ಟು ಹಾಕಿಸಿದ ಪ್ರಪಂಚದ ಭೂಪಟವೊಂದು ನಮ್ಮ ನಡುಮನೆಯ ಗೋಡೆಯ ಮೇಲಿದೆ. ಮೇಲುಗಡೆ ಏಳು ಮನುಷ್ಯಾಕೃತಿಗಳು, ಎಡಬಲಗಳಲ್ಲಿ ನಾಲ್ಕು ನಾಲ್ಕು ಚಿತ್ರಗಳು, ಕೆಳಗೆ ಏಳು ಕಟ್ಟಡಗಳಂತೆ ಕಾಣುವ ಚಿತ್ರಗಳಿವೆ. ಸಮುದ್ರದಲ್ಲಿ ಹಡಗುಗಳೂ ವಿಚಿತ್ರ ಪ್ರಾಣಿಗಳೂ ಇವೆ. ಹೆಸರಿನ ಜಾಗದಲ್ಲಿ ‘ಗಿಲ್ಜೆಲ್ಮೊ ಬ್ಲಾವ್’ ಎಂದು ಓದಬಹುದು. ಭೂಪಟದ ಅಗಲ 76 ಸೆಂ.ಮೀ. ಇದೆ. ನಡುವೆ ಮೇಲಿನಿಂದ ಕೆಳಗಿನವರೆಗೆ ಮಡಿಕೆಯ ಗೆರೆ ಕಾಣುವುದರಿಂದ ಇದು ಪುಸ್ತಕದಿಂದ ತೆಗೆದ ನಿಜವಾದ ಹಳೆಯ ಹಾಳೆ ಎಂದು ಒಬ್ಬ ವ್ಯಾಪಾರಿ ಹೇಳಿ, ದೃಢೀಕರಣ ಪತ್ರ ಮಾಡಿಸಿಕೊಟ್ಟರೆ ಹಲವು ಲಕ್ಷಕ್ಕೆ ಹೋಗುತ್ತದೆ ಎಂದಿದ್ದಾರೆ. ಆ ಪತ್ರಕ್ಕೆ ಅವರಿಗೆ ಮುಂಗಡ ಕೊಡಬೇಕಂತೆ. ಛಾಯಾಚಿತ್ರ ಲಗತ್ತಿಸಿದ್ದೇನೆ. ಇದು ಮೂಲವೇ? ಈ ಚಿತ್ರಗಳ ಅರ್ಥವೇನು? (ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ಮೊದಲು ಮುಂಗಡದ ಮಾತು: ದಯವಿಟ್ಟು ಕೊಡಬೇಡಿ. ನೀವು ಅಳೆದು ಬರೆದಿರುವ 76 ಸೆಂ.ಮೀ. ಎಂಬ ಅಂಕಿಯೇ ಉತ್ತರವನ್ನು ಹೇಳಿಬಿಟ್ಟಿದೆ.

ಇದು ಆಮ್‌ಸ್ಟರ್‌ಡ್ಯಾಮಿನ ವಿಲ್ಲೆಮ್ (ಲ್ಯಾಟಿನ್ನಿನಲ್ಲಿ ಗಿಲ್ಜೆಲ್ಮೊ) ಯಾನ್ಸೂನ್ ಬ್ಲಾವ್ (1571–1638) ಪ್ರಕಟಿಸಿದ ಪ್ರಪಂಚ ಭೂಪಟದ ಚಿತ್ರ. 17ನೆಯ ಶತಮಾನದ ಮೊದಲ ದಶಕದಲ್ಲಿ ಇದರ ತಾಮ್ರದ ತಗಡನ್ನು ಕೆತ್ತಲಾಯಿತು. 1630ರಿಂದ ಬ್ಲಾವ್ ಮನೆತನದ ಅಟ್ಲಾಸ್‌ಗಳಲ್ಲಿ ಅದನ್ನು ಸೇರಿಸಲಾಯಿತು. ಮೂಲ ಹಾಳೆಯಲ್ಲಿ ಅಂಚಿನ ಚಿತ್ರಗಳೂ ಸೇರಿ ಭೂಪಟದ ಅಳತೆ ಸುಮಾರು 41 ಸೆಂ.ಮೀ. ಎತ್ತರ, 54 ಸೆಂ.ಮೀ. ಅಗಲ. ತಾಮ್ರದ ತಗಡಿನಿಂದ ಅಚ್ಚು ತೆಗೆದಾಗ ಚಿತ್ರವು ತಗಡಿನಷ್ಟೇ ಇರುತ್ತದೆ. ಒದ್ದೆ ಮಾಡಿದ ಕಾಗದ ಒಣಗುವಾಗ ಕೆಲವು ಮಿಲಿಮೀಟರ್ ಕುಗ್ಗಬಹುದೇ ಹೊರತು ಹಿಗ್ಗಿ ಒಂದೂವರೆ ಪಟ್ಟು ಆಗುವುದು ಸಾಧ್ಯವಿಲ್ಲ. ಅದೇ ಚಿತ್ರ 76 ಸೆಂ.ಮೀ. ಅಗಲವಿದೆಯೆಂದರೆ ಅದನ್ನು ಛಾಯಾಚಿತ್ರ ತೆಗೆದು, ಹಿಗ್ಗಿಸಿ, ಯಂತ್ರದಲ್ಲಿ ಮುದ್ರಿಸಿದ್ದಾರೆಂದೇ ಅರ್ಥ. ಬ್ಲಾವ್ ಹಲವು ಹಾಳೆಗಳನ್ನು ಜೋಡಿಸಿ ಅಂಟಿಸುವ ದೊಡ್ಡ ಗೋಡೆ ಭೂಪಟಗಳನ್ನೂ ಮಾಡಿದ್ದುಂಟು. ಅವುಗಳ ಕೆತ್ತನೆಯೇ ಬೇರೆ, ಅವು ನಿಮ್ಮ ಭೂಪಟಕ್ಕಿಂತ ಬಹಳ ದೊಡ್ಡವು.

ಮಡಿಕೆಯ ವಿಷಯದಲ್ಲಿ ಆ ವ್ಯಾಪಾರಿ ಹೇಳಿದ್ದು ಅರ್ಧ ನಿಜ. ಅಟ್ಲಾಸಿನ ಹಾಳೆಗೆ ನಡುಮಡಿಕೆ ಇದ್ದೇ ಇರುತ್ತದೆ, ಏಕೆಂದರೆ ಹಾಳೆಯನ್ನು ನಡುವೆ ಮಡಚಿ ಪುಸ್ತಕಕ್ಕೆ ಕಟ್ಟುತ್ತಿದ್ದರು. ಆದರೆ ಹಳೆಯ ಹಾಳೆಯನ್ನು ಚಿತ್ರ ತೆಗೆಯುವಾಗ ಆ ಮಡಿಕೆಯ ನೆರಳೂ ಚಿತ್ರಕ್ಕೆ ಬಂದಿರುತ್ತದೆ. ಮುದ್ರಣದಲ್ಲಿ ಅದು ಕಂದು ಗೆರೆಯಾಗಿ ಕಾಣುತ್ತದೆ. ಕಟ್ಟು ಬಿಚ್ಚಿಸಿದಾಗ ಶುಭ್ರವಾದ ಒಣ ಬೆರಳನ್ನು ಆ ಗೆರೆಗೆ ಅಡ್ಡಲಾಗಿ ಮೆಲ್ಲಗೆ ಆಡಿಸಿ. ಕಣ್ಣಿಗೆ ಮಡಿಕೆ ಕಂಡು ಬೆರಳಿಗೆ ಏನೂ ತಾಗದಿದ್ದರೆ ಅದು ಮಡಿಕೆಯ ಚಿತ್ರ, ಮಡಿಕೆಯಲ್ಲ. ನೀವು ಕಳಿಸಿದ ಛಾಯಾಚಿತ್ರದಲ್ಲಿ ಆ ಗೆರೆಯ ಎರಡು ಪಕ್ಕದಲ್ಲೂ ಕಾಗದ ಸ್ವಲ್ಪವೂ ಏರುತಗ್ಗಿಲ್ಲದೆ ಮಟ್ಟಸವಾಗಿರುವುದು ಕಾಣುತ್ತಿದೆ.

ಇಂಥ ಹಾಳೆಗಳನ್ನು ಪರೀಕ್ಷಿಸುವಾಗ ಚಿತ್ರವನ್ನು ಮರೆತು ಕಾಗದವನ್ನು ನೋಡಬೇಕು. ಇದೊಂದು ಅಭ್ಯಾಸವಾದರೆ ಮೋಸಹೋಗುವ ಸಂದರ್ಭಗಳು ಬಹುಮಟ್ಟಿಗೆ ತಪ್ಪುತ್ತವೆ. ಕೆತ್ತುವವನು ಹೊಳಪು ಕೊಟ್ಟ ತಾಮ್ರದ ತಗಡಿನ ಮೇಲೆ ಮೊನಚಾದ ಉಕ್ಕಿನ ಉಳಿಯಿಂದ ಅಕ್ಷರ, ಕರಾವಳಿ, ಹಡಗು, ಅಲೆ ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆಯುತ್ತಿದ್ದ. ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನು ಅದರ ಮೇಲಿಟ್ಟು ಉರುಳೆಗಳ ನಡುವೆ ಭಾರವಾಗಿ ಒತ್ತಿದಾಗ ಕಾಗದವು ಗೆರೆಯೊಳಗಿನ ಮಸಿಯನ್ನು ಎತ್ತಿಕೊಳ್ಳುತ್ತಿತ್ತು. ಆ ಒತ್ತಡಕ್ಕೆ ತಗಡಿನ ನಾಲ್ಕು ಅಂಚುಗಳೂ ಕಾಗದದಲ್ಲಿ ಒತ್ತಿಕೊಂಡು, ಚಿತ್ರದ ಹೊರಗೆ ಆಯತಾಕಾರದ ತಗ್ಗು ಉಳಿಯುತ್ತದೆ. ಓರೆಯಾಗಿ ಬೆಳಕು ಬಿಟ್ಟರೆ ಅದು ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೂಲದ ಗೆರೆಗಳು ಕಡಿಯದೆ ಹರಿದು ತುದಿಗೆ ಸಣ್ಣಗಾಗುತ್ತವೆ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣವಿರುವ ಕಡೆಯೆಲ್ಲ ಚುಕ್ಕಿಗಳ ಜಾಲ ಕಾಣುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೆ, ಕೈಯಿಂದ ಮಾಡಿದ ಹಳೆಯ ಕಾಗದದಲ್ಲಿ ಸುಮಾರು ಒಂದು ಅಂಗುಲದ ಅಂತರದ ತೆಳು ಗೆರೆಗಳೂ ಅವುಗಳಿಗೆ ಅಡ್ಡಲಾಗಿ ಒತ್ತೊತ್ತಾದ ಸಣ್ಣ ಗೆರೆಗಳೂ ಕಾಣುತ್ತವೆ. ಅವು ಕಾಗದದ ತಿರುಳನ್ನು ಎತ್ತುವ ತಂತಿಯ ಜರಡಿಯ ಗುರುತುಗಳು. ಅಟ್ಲಾಸಿನಿಂದ ಬಂದ ಹಾಳೆಯ ಹಿಂಬದಿಯಲ್ಲಿ ಬಹುತೇಕ ಲ್ಯಾಟಿನ್, ಫ್ರೆಂಚ್, ಜರ್ಮನ್ ಅಥವಾ ಡಚ್ ಭಾಷೆಯ ಬರಹವಿರುತ್ತದೆ. ನಿಮ್ಮ ಭೂಪಟದ ಹಿಂದೆ ಪ್ಲೈವುಡ್ ಹೊಡೆದಿರುವುದರಿಂದ ಅದನ್ನು ಸದ್ಯಕ್ಕೆ ನೋಡಲಾಗದು; ಅಳತೆ ಸಿಕ್ಕಿರುವುದರಿಂದ ಅದರ ಅಗತ್ಯವೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೂಲ ಭೂಪಟದಲ್ಲೂ ಬಣ್ಣವನ್ನು ನೋಡಿ ವಯಸ್ಸು ಹೇಳಬಾರದು. ಅಚ್ಚಾಗುತ್ತಿದ್ದುದು ಕಪ್ಪು ಗೆರೆ ಮಾತ್ರ. ಬಣ್ಣವನ್ನು ಕುಂಚದಿಂದ ತುಂಬುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರತ್ಯೇಕ ಕಸುಬಾಗಿತ್ತು. ಗಿರಾಕಿ ಹೆಚ್ಚು ಹಣ ಕೊಟ್ಟರೆ ಬಣ್ಣದ್ದು, ಇಲ್ಲವಾದರೆ ಬರೀ ಗೆರೆಯದ್ದು. ಬಣ್ಣವಿಲ್ಲದೆ ಉಳಿದ ಎಷ್ಟೋ ಹಾಳೆಗಳಿಗೆ ಇನ್ನೂರು, ಮುನ್ನೂರು ವರ್ಷಗಳ ಬಳಿಕ ಬಣ್ಣ ಬಳಿದು ಮಾರಿದ್ದಾರೆ. ಆ ಕಾಲದ ಹಸಿರು ಬಣ್ಣವನ್ನು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದರು. ಅದು ಕಾಗದವನ್ನು ನಿಧಾನವಾಗಿ ತಿನ್ನುತ್ತ ಹಿಂಬದಿಗೆ ಕಂದಾಗಿ ಇಳಿಯುತ್ತದೆ. ಹಸಿರಿನ ಹಿಂದೆ ಕಂದು ನೆರಳು ಇದ್ದರೆ ಬಣ್ಣ ಹಳೆಯದಾಗಿರುವ ಸಂಭವ ಹೆಚ್ಚು.

ಇನ್ನು ಚಿತ್ರಗಳ ವಿಚಾರ. ನಿಮ್ಮದು ಪ್ರತಿಯೇ ಆದರೂ ಓದುವುದಕ್ಕೆ ಮೂಲದಷ್ಟೇ ಯೋಗ್ಯ. ಅಂಚಿನ ಚಿತ್ರಗಳನ್ನು ಖಾಲಿ ಜಾಗ ತುಂಬಲು ಬಿಡಿಸಿದ್ದಾರೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಹಾಗಲ್ಲ, ಭೂಪಟದ ಒಳಗೆ ಭೂಮಿ ಇದ್ದರೆ ಅಂಚಿನಲ್ಲಿ ಆ ಭೂಮಿಯನ್ನು ಆವರಿಸಿದ ವಿಶ್ವವಿದೆ. ಮೇಲಿನ ಏಳು ಆಕೃತಿಗಳು ಏಳು ಗ್ರಹಗಳ ಅಧಿದೇವತೆಗಳು. ಎಡದಿಂದ ಬಲಕ್ಕೆ ಚಂದ್ರ, ಬುಧ, ಶುಕ್ರ, ಸೂರ್ಯ, ಕುಜ, ಗುರು, ಶನಿ. ಇದು ನಮ್ಮ ವಾರದ ಕ್ರಮವಲ್ಲ. ಭೂಮಿಯನ್ನು ನಡುವೆ ನಿಲ್ಲಿಸಿ, ಹತ್ತಿರದಿಂದ ದೂರಕ್ಕೆ ಎಣಿಸಿದ ಹಳೆಯ ಕ್ರಮ. ನಮ್ಮ ನವಗ್ರಹ ಗುಡಿಯ ರಾಹು ಕೇತುಗಳು ಇಲ್ಲಿಲ್ಲ. ಬ್ಲಾವ್ ಯುವಕನಾಗಿದ್ದಾಗ ಡೆನ್ಮಾರ್ಕಿನ ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆಯ ಬಳಿ ಕಲಿತವನು; ಆಕಾಶವನ್ನು ಕಣ್ಣಾರೆ ಅಳೆದು ಬಂದವನ ಭೂಪಟದಲ್ಲೂ ಗ್ರಹಗಳು ದೇವತೆಗಳಾಗಿಯೇ ಬಂದಿವೆ.

ಎಡಗಡೆ ಇರುವವು ಅಗ್ನಿ, ವಾಯು, ಜಲ, ಪೃಥ್ವಿ. ಗ್ರೀಕರ ಲೆಕ್ಕದಲ್ಲಿ ಭೂತಗಳು ನಾಲ್ಕೇ, ಆಕಾಶ ಆ ಪಟ್ಟಿಯಲ್ಲಿಲ್ಲ. ಬಲಗಡೆ ಇರುವವು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ನಮ್ಮ ಆರು ಋತುಗಳಲ್ಲಿ ವರ್ಷ ಋತುವಿಗೆ ಅಲ್ಲಿ ಬೇರೆ ಸ್ಥಾನವೇ ಇಲ್ಲ. ಮಳೆಗಾಲ ಎಂದು ವರ್ಷದಲ್ಲಿ ಒಂದು ಭಾಗವನ್ನು ಪ್ರತ್ಯೇಕಿಸುವ ಅಗತ್ಯ ಆಮ್‌ಸ್ಟರ್‌ಡ್ಯಾಮಿನವರಿಗೆ ಬರಲಿಲ್ಲ. ಕೆಳಗಿನ ಏಳು ಚಿತ್ರಗಳು ಪ್ರಾಚೀನ ಜಗತ್ತಿನ ಏಳು ಅದ್ಭುತಗಳು: ಬ್ಯಾಬಿಲೋನ್, ರೋಡ್ಸ್ ದ್ವೀಪದ ಬೃಹತ್ ಪ್ರತಿಮೆ, ಈಜಿಪ್ಟಿನ ಪಿರಮಿಡ್, ಹ್ಯಾಲಿಕಾರ್ನಾಸಸ್ಸಿನ ಸಮಾಧಿ, ಎಫೆಸಸ್ಸಿನ ಡಯಾನಾ ದೇವಾಲಯ, ಒಲಿಂಪಿಯಾದ ಜ್ಯೂಪಿಟರ್, ಅಲೆಕ್ಸಾಂಡ್ರಿಯಾದ ದೀಪಸ್ತಂಭ. ಇವುಗಳಲ್ಲಿ ಬ್ಲಾವ್‌ನ ಕಾಲಕ್ಕೆ ನಿಂತಿದ್ದುದು ಪಿರಮಿಡ್ ಒಂದೇ. ಉಳಿದವನ್ನು ಚಿತ್ರಕಾರರು ಗ್ರಂಥಗಳ ವರ್ಣನೆಯಿಂದ ಕಲ್ಪಿಸಿಕೊಂಡರು.

ಮಾರುವ ಯೋಚನೆಯಿದ್ದರೆ ಇದು 20ನೆಯ ಶತಮಾನದ ಮುದ್ರಿತ ಪ್ರತಿ ಎಂದೇ ಹೇಳಿ ಮಾರಿ. ಕಟ್ಟಿನ ಮರ ಒಳ್ಳೆಯದಾಗಿದ್ದರೆ ಅದಕ್ಕೇ ಹೆಚ್ಚು ಬೆಲೆ ಬಂದರೂ ಬರಬಹುದು.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1630ರ ಪ್ರಪಂಚ ಭೂಪಟವೊಂದರ ದೊಡ್ಡ ಪ್ರತಿಯನ್ನು ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಕೊಟ್ಟಿದ್ದಾರೆ. ಎರಡು ವೃತ್ತಗಳಲ್ಲಿ ಪ್ರಪಂಚವಿದೆ. ನಾಲ್ಕು ಮೂಲೆಗಳಲ್ಲಿ ನಾಲ್ವರ ಭಾವಚಿತ್ರಗಳಿವೆ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಮೈಸೂರು ಏಕಿಲ್ಲ? ಆ ಕಾಲದ ಭೂಪಟಗಳಲ್ಲಿ ದಕ್ಷಿಣ ಭಾರತದ ಮೇಲೆ ಕಾಣುವ ‘ನರ್ಸಿಂಗ’ ಯಾವ ಊರು? ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಅಂಟಿಕೊಳ್ಳದೆ ದ್ವೀಪವಾಗಿರುವುದು ಅಚ್ಚಿನ ತಪ್ಪೇ? ನಮ್ಮ ತರಗತಿಯ ಗೋಡೆ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಇದರಲ್ಲಿ ಹಾಗಿಲ್ಲ, ಯಾವುದು ಸರಿ? (ಶಿಕ್ಷಕರು, ಮಂಡ್ಯ)

ಉತ್ತರ: ನಿಮ್ಮ ಶಾಲೆಗೆ ಬಂದಿರುವುದು ಬ್ಲಾವ್‌ನ ಪ್ರತಿಸ್ಪರ್ಧಿ ಮನೆತನದ ಹೆನ್ರಿಕಸ್ ಹೋಂಡಿಯಸ್ ಪ್ರಕಟಿಸಿದ ಭೂಪಟ. ಮೂಲೆಗಳಲ್ಲಿರುವವರು ಜೂಲಿಯಸ್ ಸೀಸರ್, ಪ್ರಾಚೀನ ಕಾಲದ ಭೂಗೋಳಶಾಸ್ತ್ರಜ್ಞ ಟಾಲೆಮಿ, 16ನೆಯ ಶತಮಾನದ ಭೂಪಟಕಾರ ಮರ್ಕೇಟರ್ ಮತ್ತು ಪ್ರಕಾಶಕನ ತಂದೆ ಯೊಡೋಕಸ್ ಹೋಂಡಿಯಸ್. ಟಾಲೆಮಿ, ಮರ್ಕೇಟರ್‌ರ ಸಾಲಿನಲ್ಲಿ ಸ್ವಂತ ತಂದೆಯನ್ನು ಕೂರಿಸಿರುವುದರಲ್ಲಿ ಪಿತೃಭಕ್ತಿಯ ಜೊತೆಗೆ ಅಂಗಡಿಯ ಜಾಹೀರಾತೂ ಸೇರಿದೆ. ಆಸ್ಟ್ರೇಲಿಯದ ಉತ್ತರ ತೀರದ ತುಣುಕೊಂದನ್ನು ತೋರಿಸಿದ ಮೊದಲ ಅಟ್ಲಾಸ್ ಪ್ರಪಂಚ ಭೂಪಟಗಳಲ್ಲಿ ಇದೂ ಒಂದು.

ಮೈಸೂರು ಇಲ್ಲದಿರುವುದಕ್ಕೆ ಮೊದಲ ಕಾರಣ ಜಾಗ. ಸುಮಾರು 54 ಸೆಂ.ಮೀ. ಅಗಲದ ಮೂಲ ಹಾಳೆಯಲ್ಲಿ 360 ಡಿಗ್ರಿಗಳನ್ನೂ ತೋರಿಸಬೇಕಾದಾಗ ಸರಾಸರಿ ಒಂದು ಡಿಗ್ರಿಗೆ ಒಂದೂವರೆ ಮಿಲಿಮೀಟರ್‌ಗಿಂತ ಹೆಚ್ಚು ಸಿಗುವುದಿಲ್ಲ. ಇಂದಿನ ಕರ್ನಾಟಕ ತೆಂಕಣದಿಂದ ಬಡಗಣಕ್ಕೆ ಸುಮಾರು 7 ಡಿಗ್ರಿ ಹರಡಿದೆ. ಅಂದರೆ ಇಡೀ ನಾಡಿಗೆ ಅಲ್ಲಿ ಒಂದು ಸೆಂಟಿಮೀಟರ್ ಮಾತ್ರ. ಎರಡನೆಯ ಕಾರಣ ಹೆಚ್ಚು ಮುಖ್ಯವಾದದ್ದು. ಯೂರೋಪಿನ ಭೂಪಟಕಾರರಿಗೆ ಸುದ್ದಿ ಬರುತ್ತಿದ್ದುದು ಹಡಗುಗಳಿಂದ. ಆದ್ದರಿಂದ ಆ ಕಾಲದ ಭಾರತದ ಭೂಪಟಗಳಲ್ಲಿ ಕರಾವಳಿ ಮಾತ್ರ ತುಂಬಿ ತುಳುಕುತ್ತದೆ: ಗೋವೆ, ಹೊನ್ನಾವರವಾದ ‘ಒನೋರ್’, ಭಟ್ಕಳವಾದ ‘ಬಾಟಿಕಲಾ’, ಬಸರೂರಾದ ‘ಬಾರ್ಸೆಲೋರ್’, ಮಂಗಳೂರು, ಕಣ್ಣೂರು, ಕಲ್ಲಿಕೋಟೆ. ಘಟ್ಟ ಹತ್ತಿದರೆ ಹೆಸರುಗಳು ವಿರಳವಾಗುತ್ತವೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಆಗಲೇ 20 ವರ್ಷಗಳಾಗಿದ್ದವು, ಆದರೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ಭೂಪಟಕ್ಕೇರುವಷ್ಟು ದೊಡ್ಡ ಸಂಗತಿಯಾಗಿರಲಿಲ್ಲ.

‘ನರ್ಸಿಂಗ’ ಊರಲ್ಲ, ವಿಜಯನಗರ ಸಾಮ್ರಾಜ್ಯ. ಸಾಳುವ ನರಸಿಂಹನ ಹೆಸರಿನಿಂದ ಪೋರ್ಚುಗೀಸರು ಆ ರಾಜ್ಯವನ್ನು ಹಾಗೆ ಕರೆದರು. ನರಸಿಂಹನು 15ನೆಯ ಶತಮಾನದ ಕೊನೆಯಲ್ಲಿ ತೀರಿಕೊಂಡ. 1565ರ ಯುದ್ಧದಲ್ಲಿ ಹಂಪಿ ಹಾಳಾಯಿತು. ಆದರೆ ಹೆಸರು ಮಾತ್ರ ಒಂದು ಭೂಪಟದಿಂದ ಇನ್ನೊಂದಕ್ಕೆ ನಕಲಾಗುತ್ತ 17ನೆಯ ಶತಮಾನದಲ್ಲೂ ಉಳಿಯಿತು. ಭೂಪಟದ ಮೇಲೆ ಅಚ್ಚಾದ ವರ್ಷವೇ ಅದರಲ್ಲಿರುವ ಮಾಹಿತಿಯ ವರ್ಷವೆಂದು ತಿಳಿಯಬಾರದೆಂಬುದಕ್ಕೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಒಳನಾಡಿನ ಚಿತ್ರ ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಊರೂರು ಸುತ್ತಿ ಅಳೆಯಿಸಿದರು. ಅದೇ ಸುಮಾರಿಗೆ ಇನ್ನೊಬ್ಬ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ತ್ರಿಕೋನಗಳ ಲೆಕ್ಕದಿಂದ ನೆಲ ಅಳೆಯುವ ಕೆಲಸವನ್ನು ಬೆಂಗಳೂರಿನ ಬಳಿ ಆರಂಭಿಸಿದರು. ನಿಮ್ಮ ಜಿಲ್ಲೆಯ ಹಳ್ಳಿಗಳು ಕರಾರುವಾಕ್ಕಾಗಿ ಭೂಪಟಕ್ಕೆ ಬಂದದ್ದು ಆ ಬಳಿಕ.

ಕ್ಯಾಲಿಫೋರ್ನಿಯಾದ ದ್ವೀಪ ಅಚ್ಚಿನ ತಪ್ಪಲ್ಲ, ನಂಬಿಕೆ. ಸ್ವಾರಸ್ಯವೆಂದರೆ 16ನೆಯ ಶತಮಾನದ ಹಲವು ಭೂಪಟಗಳಲ್ಲಿ ಅದು ಸರಿಯಾಗಿಯೇ, ಮೂರು ಕಡೆ ನೀರಿರುವ ಪರ್ಯಾಯದ್ವೀಪವಾಗಿಯೇ ಇತ್ತು. 1539ರಲ್ಲಿ ಸ್ಪೇನಿನ ನಾವಿಕ ಉಲ್ಲೋವಾ ಆ ಪರ್ಯಾಯದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವಿನ ಕೊಲ್ಲಿಯಲ್ಲಿ ಹೋಗಿ ತುದಿಯಲ್ಲಿ ನೆಲ ಕೂಡಿಕೊಂಡಿರುವುದನ್ನು ಕಂಡಿದ್ದ. 1602ರ ಸ್ಪ್ಯಾನಿಷ್ ಯಾನವೊಂದರಲ್ಲಿದ್ದ ಪಾದ್ರಿ ಅಸೆನ್ಸಿಯೋನ್ ಅದು ದ್ವೀಪವೆಂದು ಬರೆದ ಮೇಲೆ 1620ರ ದಶಕದಿಂದ ಮುದ್ರಿತ ಭೂಪಟಗಳಲ್ಲಿ ನೆಲ ಬೇರೆಯಾಯಿತು. ಸುಮಾರು ನೂರು ವರ್ಷ ಒಬ್ಬರನ್ನು ನೋಡಿ ಒಬ್ಬರು ಹಾಗೆಯೇ ಕೆತ್ತಿದರು. ಜೆಸ್ಯೂಟ್ ಪಾದ್ರಿ ಕೀನೊ 18ನೆಯ ಶತಮಾನದ ಆರಂಭದಲ್ಲಿ ನೆಲದ ಮೇಲೆಯೇ ಹೋಗಿ ನೋಡಿ ಭೂಪಟ ಬರೆದರೂ ಅನುಮಾನ ಹೋಗದೆ, ಕೊನೆಗೆ 1747ರಲ್ಲಿ ಸ್ಪೇನಿನ ದೊರೆ ಅದು ದ್ವೀಪವಲ್ಲವೆಂದು ಆಜ್ಞೆ ಹೊರಡಿಸಬೇಕಾಯಿತು. ಹೊಸದು ಹಳೆಯದಕ್ಕಿಂತ ಸರಿಯಾಗಿಯೇ ಇರುತ್ತದೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗಿದೆ. ಇದನ್ನು ತರಗತಿಯಲ್ಲಿ ನಿಧಾನವಾಗಿ ಚರ್ಚಿಸುವುದು ಒಳ್ಳೆಯದು.

ಗ್ರೀನ್‌ಲ್ಯಾಂಡಿನ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಗೋಳವನ್ನು ಚಪ್ಪಟೆ ಹಾಳೆಗೆ ತರುವಾಗ ಏನಾದರೊಂದು ಹಿಗ್ಗಲೇಬೇಕು. ತರಗತಿಗಳಲ್ಲಿ ಬಹಳ ಕಾಲದಿಂದ ಕಾಣುವ ಗೋಡೆ ಭೂಪಟ 1569ರಲ್ಲಿ ಮರ್ಕೇಟರ್ ರೂಪಿಸಿದ ಕ್ರಮದ್ದಾಗಿರಬಹುದು. ಅದರಲ್ಲಿ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಮಾರ್ಗ ನೇರ ಗೆರೆಯಾಗುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಧ್ರುವಗಳ ಕಡೆಗೆ ಹೋದಂತೆ ವಿಸ್ತೀರ್ಣ ಹಿಗ್ಗುವುದು. ಮಂಡ್ಯ, ಮೈಸೂರುಗಳಿರುವ 12 ಡಿಗ್ರಿ ಅಕ್ಷಾಂಶದಲ್ಲಿ ಹಿಗ್ಗುವಿಕೆ ನೂರಕ್ಕೆ ಐದರಷ್ಟು. 60 ಡಿಗ್ರಿಯಲ್ಲಿ ನಾಲ್ಕು ಪಟ್ಟು. 75 ಡಿಗ್ರಿಯಲ್ಲಿ ಸುಮಾರು ಹದಿನೈದು ಪಟ್ಟು. ವಾಸ್ತವದಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ ಚದರ ಕಿ.ಮೀ., ಭಾರತ ಸುಮಾರು 32.9 ಲಕ್ಷ ಚದರ ಕಿ.ಮೀ. ನಿಮ್ಮ ಎರಡು ವೃತ್ತಗಳ ಭೂಪಟವೂ ಪೂರ್ತಿ ನಿರ್ದೋಷಿಯಲ್ಲ. ಅದರಲ್ಲಿ ವೃತ್ತದ ನಡುವಿನಿಂದ ಅಂಚಿಗೆ ಹೋದಂತೆ ಉದ್ದಳತೆ ಎರಡು ಪಟ್ಟಿನವರೆಗೆ ಹಿಗ್ಗುತ್ತದೆ. ಏಷ್ಯಾ, ಆಫ್ರಿಕಾ, ಯೂರೋಪುಗಳಿರುವ ‘ಹಳೆಯ ಜಗತ್ತಿನ’ ವೃತ್ತದ ನಡುಭಾಗ ಹಿಂದೂ ಮಹಾಸಾಗರದ ಆಸುಪಾಸಿನಲ್ಲಿರುವುದರಿಂದ ಭಾರತ ಅತಿ ಕಡಿಮೆ ಹಿಗ್ಗಿರುವ ಜಾಗದಲ್ಲಿದೆ. ಎರಡು ಭೂಪಟಗಳ ಪಕ್ಕದಲ್ಲಿ ಒಂದು ಗೋಳವನ್ನಿಟ್ಟು ದಾರದಿಂದ ಮಕ್ಕಳೇ ಅಳೆದು ನೋಡಲಿ.

ಪ್ರಶ್ನೆ: ಇಷ್ಟು ಅಲಂಕಾರವಿರುವ ಭೂಪಟವನ್ನು ನಾವಿಕರು ಹಡಗಿನಲ್ಲಿ ಬಳಸುತ್ತಿದ್ದರೇ? (ಓದುಗರು, ಮದ್ದೂರು)

ಉತ್ತರ: ಇಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಕೈಯಿಂದ ಬರೆದ, ಹೆಚ್ಚಾಗಿ ಚರ್ಮದ ಹಾಳೆಯ ಮೇಲಿನ ನಕ್ಷೆಗಳನ್ನು ಕೊಡುತ್ತಿದ್ದರು. ಯಾನ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕಾಗಿತ್ತು. ಬ್ಲಾವ್ 1633ರಲ್ಲಿ ಆ ಕಂಪನಿಯ ಅಧಿಕೃತ ನಕ್ಷೆಗಾರನಾದ. 1638ರಲ್ಲಿ ಆ ಹುದ್ದೆ ಅವನ ಮಗ ಯೋಆನ್‌ಗೆ ಬಂತು. ಅಂದರೆ ಹೊಸ ಕರಾವಳಿಗಳ ಸುದ್ದಿ ಮೊದಲು ತಲುಪುತ್ತಿದ್ದ ಮನೆಯಲ್ಲಿಯೇ, ಮಾರಾಟದ ಅಟ್ಲಾಸಿಗೆ ಮೂವತ್ತು ವರ್ಷ ಹಿಂದಿನ ತಗಡು ಹೆಚ್ಚು ಬದಲಾವಣೆಯಿಲ್ಲದೆ ಅಚ್ಚಾಗುತ್ತಿತ್ತು. ಅದನ್ನು ಕೊಳ್ಳುತ್ತಿದ್ದವರು ವರ್ತಕರು, ವಕೀಲರು, ಗ್ರಂಥಾಲಯಗಳು. ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ ಮನೆಯೊಳಗಿನ ದೃಶ್ಯಗಳಲ್ಲಿ ಗೋಡೆಗೆ ತೂಗುಹಾಕಿದ ಭೂಪಟಗಳು ಮತ್ತೆ ಮತ್ತೆ ಕಾಣುವುದು ಈ ಕಾರಣದಿಂದಲೇ. ರಾಜರಿಗೆ ಉಡುಗೊರೆಯಾಗಿಯೂ ಅಟ್ಲಾಸ್‌ಗಳು ಹೋಗುತ್ತಿದ್ದವು. ಇಂಗ್ಲಿಷ್ ರಾಯಭಾರಿ ಥಾಮಸ್ ರೋ 1617ರಲ್ಲಿ ಮೊಗಲ್ ಬಾದಷಹ ಜಹಾಂಗೀರನಿಗೆ ಮರ್ಕೇಟರನ ಅಟ್ಲಾಸನ್ನು ಒಪ್ಪಿಸಿದ. ಅದನ್ನು ಓದಬಲ್ಲವರು ಆಸ್ಥಾನದಲ್ಲಿಲ್ಲವೆಂದು ಕೆಲವೇ ದಿನಗಳಲ್ಲಿ ಅದು ರೋನ ಕೈಗೇ ಹಿಂದಿರುಗಿತು.

ಪ್ರಶ್ನೆ: ನಮ್ಮಲ್ಲಿ ಯೂರೋಪಿನ ಹಳೆಯ ಭೂಪಟದ ಒಂದು ಹಾಳೆ ಇದೆ. ಬೆಂಗಳೂರಿನ ತಜ್ಞರು ನೋಡಿ 17ನೆಯ ಶತಮಾನದ್ದೇ ಎಂದಿದ್ದಾರೆ. ಮನೆ ನದಿಯ ಸಮೀಪವಿದ್ದು ಮಳೆಗಾಲದಲ್ಲಿ ಗೋಡೆ ತೇವವಾಗುತ್ತದೆ. ಹಾಳೆಯ ಅಂಚಿನಲ್ಲಿ ಒಂದು ಹರಕು, ಅಲ್ಲಲ್ಲಿ ಕಂದು ಚುಕ್ಕಿಗಳಿವೆ. ಲ್ಯಾಮಿನೇಷನ್ ಮಾಡಿಸಬಹುದೇ? ತಾಳೆಗರಿಗೆ ಹಚ್ಚುವ ಎಣ್ಣೆಯನ್ನು ಇದಕ್ಕೂ ಹಚ್ಚಬಹುದೆಂದು ಹಿರಿಯರು ಹೇಳುತ್ತಾರೆ. (ಓದುಗರು, ಶ್ರೀರಂಗಪಟ್ಟಣ)

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಅಂಕಪಟ್ಟಿಗೆ ಮಾಡಿಸಿದ ಹಾಗೆ ಬಿಸಿ ಪ್ಲಾಸ್ಟಿಕ್ಕಿನ ನಡುವೆ ಒತ್ತಿಸಿದರೆ ಅಂಟು ಕಾಗದದ ಎಳೆಗಳೊಳಕ್ಕೆ ಇಳಿಯುತ್ತದೆ, ಮತ್ತೆ ಬಿಡಿಸುವ ಆಸೆಯನ್ನು ಬಿಡಬೇಕಾಗುತ್ತದೆ. ಸೆಲ್ಲೊಟೇಪು, ಗೋಂದು, ಮೈದಾ ಹಿಟ್ಟಿನ ಅಂಟು ಇವೂ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದಕ್ಕೆ ಕಲೆ ಬಿಡುತ್ತದೆ, ಮೈದಾದ ವಾಸನೆಗೆ ಬೆಳ್ಳಿಹುಳ ಬರುತ್ತದೆ.

ಎಣ್ಣೆಯ ಬಗ್ಗೆ ಹಿರಿಯರು ಹೇಳಿದ್ದು ತಾಳೆಗರಿಗೆ ಸರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಹಸ್ತಪ್ರತಿ ಭಂಡಾರಗಳಲ್ಲಿ ಗರಿಗಳು ಒಣಗಿ ಮುರಿಯದಂತೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವ ಪದ್ಧತಿಯಿದೆ. ಕಾಗದಕ್ಕೆ ಯಾವ ಎಣ್ಣೆಯೂ ಆಗದು. ಅದು ಹೀರಿಕೊಂಡು ಪಾರದರ್ಶಕವಾದ ಕಲೆಯಾಗುತ್ತದೆ, ಧೂಳನ್ನು ಹಿಡಿಯುತ್ತದೆ.

ನಿಮ್ಮ ಹಾಳೆಯ ಪರವಾಗಿರುವ ಸಂಗತಿಯೊಂದುಂಟು. 17ನೆಯ ಶತಮಾನದ ಯೂರೋಪಿನ ಕಾಗದವನ್ನು ನಾರುಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಅದರ ಎಳೆಗಳು ಉದ್ದ, ಆಮ್ಲಾಂಶ ಕಡಿಮೆ. ಅದಕ್ಕಾಗಿಯೇ ಮರದ ತಿರುಳಿನಿಂದ ಮಾಡಿದ, ನಮ್ಮ ತಂದೆಯವರ ಕಾಲದ ದಿನಪತ್ರಿಕೆ ಮುಟ್ಟಿದರೆ ಪುಡಿಯಾಗುವಾಗ ಮುನ್ನೂರೈವತ್ತು ವರ್ಷದ ಈ ಹಾಳೆ ಇನ್ನೂ ಮಡಚಿದರೆ ಮಡಚುತ್ತದೆ. (ದಯವಿಟ್ಟು ಮಡಚಿ ನೋಡಬೇಡಿ.) ಇಂಥ ಗಟ್ಟಿ ಕಾಗದಕ್ಕೆ ಹಾನಿ ಬರುವುದು ಹೆಚ್ಚಾಗಿ ಅದರ ಸುತ್ತ ನಾವು ಇಡುವ ವಸ್ತುಗಳಿಂದ. ಕಟ್ಟಿನ ಹಿಂದಿನ ಪ್ಲೈವುಡ್, ಹಾರ್ಡ್‌ಬೋರ್ಡ್, ಸಾಮಾನ್ಯ ರಟ್ಟು ಇವುಗಳ ಆಮ್ಲ ಕಾಗದಕ್ಕೆ ಇಳಿದು ಅದನ್ನು ಕಂದಾಗಿಸುತ್ತದೆ. ಕಟ್ಟು ಹಾಕುವವರಿಗೆ ಆಮ್ಲರಹಿತ ಬೋರ್ಡ್ ಬೇಕೆಂದು ಸ್ಪಷ್ಟವಾಗಿ ಹೇಳಿ. ಸಿಗದಿದ್ದರೆ ತರಿಸುವವರೆಗೆ ಕಾಯಿರಿ. ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಇರಲೇಬೇಕು, ಏಕೆಂದರೆ ಮಳೆಗಾಲದ ತೇವ ಗಾಜಿನ ಒಳಮೈಗೆ ಕೂತು ಅಲ್ಲಿಯೇ ಬೂಷ್ಟು ಹಿಡಿಯುತ್ತದೆ. ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸಬಾರದು. ಮೇಲಿನ ಅಂಚಿನಲ್ಲಿ ಎರಡು ಸಣ್ಣ ಕಾಗದದ ಪಟ್ಟಿಗಳಿಂದ ತೂಗುಬಿಡಬೇಕು.

ನಿಮ್ಮ ಮನೆಯ ಸ್ಥಿತಿಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಗೋಡೆಯಿಂದ ಇಳಿಸಿ, ಒಳಗಿನ ಒಣ ಕೋಣೆಯ ಕಪಾಟಿನಲ್ಲಿ ಮಟ್ಟಸವಾಗಿ ಮಲಗಿಸಿಡುವುದು ಲೇಸು. ನುಸಿಗುಳಿಗೆಯನ್ನು ಹಾಳೆಗೆ ತಾಗುವಂತೆ ಇಡಬೇಡಿ. ಹರಕನ್ನೂ ಕಂದು ಚುಕ್ಕಿಗಳನ್ನೂ ಮನೆಯಲ್ಲಿ ಸರಿಪಡಿಸಲು ಹೋಗಬೇಡಿ. ಸಂರಕ್ಷಣಾ ತಜ್ಞರು ತೆಳುವಾದ ಜಪಾನಿ ಕಾಗದದಿಂದ, ಗೋಧಿಯ ಗಂಜಿಯಿಂದ, ಬೇಕಾದಾಗ ನೀರಿನಲ್ಲಿ ಬಿಡಿಸಬಹುದಾದ ರೀತಿಯಲ್ಲಿ ಹರಕು ಕೂಡಿಸುತ್ತಾರೆ. ಸಾಂಸ್ಕೃತಿಕ ಆಸ್ತಿಯ ಸಂರಕ್ಷಣೆಗಾಗಿ ಲಖನೌದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ; ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಪ್ರಪಂಚದ ಭೂಪಟವನ್ನು ಮನೆಯ ಯಾವ ದಿಕ್ಕಿನ ಗೋಡೆಗೆ ಹಾಕಿದರೆ ಶ್ರೇಯಸ್ಸು? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ವಾಸ್ತು ಈ ಅಂಕಣದ ವ್ಯಾಪ್ತಿಗೆ ಸೇರದು. ಕಾಗದದ ದೃಷ್ಟಿಯಿಂದ ಹೇಳುವುದಾದರೆ ಬಿಸಿಲು ನೇರವಾಗಿ ಬೀಳದ, ಹೊರಗಿನ ಮಳೆ ಬಡಿಯದ, ಆಚೆ ಬದಿಯಲ್ಲಿ ಬಚ್ಚಲುಮನೆ ಇಲ್ಲದ ಒಳಗೋಡೆ ಶ್ರೇಯಸ್ಕರ. ದೇವರ ಮನೆಯ ದೀಪದ ಹೊಗೆಯೂ ಅಡುಗೆಮನೆಯ ಒಗ್ಗರಣೆಯ ಜಿಡ್ಡೂ ತಲುಪದಿರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿರುವ ಹಳೆಯ ಡಚ್ ಭೂಪಟವನ್ನು ಅಮೆರಿಕದಲ್ಲಿರುವ ಮಗಳು ತನ್ನ ಮನೆಗೆ ಒಯ್ಯಬೇಕೆನ್ನುತ್ತಾಳೆ. ಅದು ಭಾರತದ್ದಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಜವೇ? (ಓದುಗರು, ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ನಿಜವಲ್ಲ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು ವಸ್ತುವಿನ ವಯಸ್ಸನ್ನೂ ಸ್ವರೂಪವನ್ನೂ ನೋಡುತ್ತದೆ. ಅದು ಯಾವ ದೇಶದಲ್ಲಿ ತಯಾರಾಯಿತೆಂಬುದರ ಮೇಲೆ ವಿನಾಯಿತಿ ಕೊಡುವುದಿಲ್ಲ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಅಥವಾ ಕುಶಲಕೃತಿ ಪ್ರಾಚೀನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಕ ಅಥವಾ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಈ ಮಿತಿ 75 ವರ್ಷ. ಇಂಥ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೀರಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸೂಟ್‌ಕೇಸಿನ ತಳದಲ್ಲಿ ಸೀರೆಗಳ ನಡುವೆ ಇಟ್ಟು ಕಳಿಸುವ ಸಲಹೆಯನ್ನು ಯಾರಾದರೂ ಕೊಟ್ಟಿದ್ದರೆ ಅದನ್ನು ಅಲ್ಲಿಗೇ ಬಿಡಿ.

ನಿಮ್ಮದು ಹಳೆಯದಲ್ಲ, ಇತ್ತೀಚಿನ ಮುದ್ರಿತ ಪ್ರತಿ ಎಂದಾದರೆ ಒಯ್ಯಲು ಅಡ್ಡಿಯಿಲ್ಲ. ಆದರೆ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ನೋಡಿದೊಡನೆ ಅದು ಗೊತ್ತಾಗಬೇಕೆಂದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ವಸ್ತುವನ್ನು ಪರಿಶೀಲಿಸಿ ‘ಪ್ರಾಚೀನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಕೊಡುತ್ತದೆ. ಇಲಾಖೆಯ ಬೆಂಗಳೂರು ವಲಯ ಕಚೇರಿಯಲ್ಲಿ ವಿಚಾರಿಸಿ, ಭೂಪಟದ ಮುಂಬದಿ, ಹಿಂಬದಿಗಳ ಸ್ಪಷ್ಟ ಛಾಯಾಚಿತ್ರಗಳೊಂದಿಗೆ ಪ್ರಯಾಣಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಮೂಲ ಹಾಳೆಯೇ ಆಗಿದ್ದಲ್ಲಿ ಅದನ್ನು ಇಲ್ಲಿಯೇ ಉಳಿಸಿಕೊಂಡು, ಒಳ್ಳೆಯ ಸ್ಕ್ಯಾನ್ ಮಾಡಿಸಿ ಅದೇ ಅಳತೆಯಲ್ಲಿ ಮುದ್ರಿಸಿದ ಪ್ರತಿಯನ್ನು ಮಗಳಿಗೆ ಕಳಿಸಬಹುದು; ಆ ಪ್ರತಿಯ ಹಿಂಬದಿಯಲ್ಲಿ ಮುದ್ರಿಸಿದ ವರ್ಷವನ್ನು ಅಳಿಸಲಾಗದ ಶಾಯಿಯಲ್ಲಿ ಬರೆಸಿರಿ.